‘ಗುಳಿಗೆ ಬಿಡಬೇಡಿ’ ಅಂತೀರಿ, ಗುಳಿಗೆ ಏನು ಮಾಡುತ್ತೆ ಅಂತ ಹೇಳುವವರು ಯಾರು?

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಅಕ್ಟೋಬರ್ 10 ಬಂತೆಂದರೆ ನಿಮ್ಮ ಪತ್ರಿಕೆಯಲ್ಲಿ ವಿಶ್ವ ಮಾನಸಿಕ ಆರೋಗ್ಯ ದಿನದ ಲೇಖನ ಬರುತ್ತದೆ. ನಾನು ತಪ್ಪದೇ ಓದುತ್ತೇನೆ, ಯಾಕಂದ್ರೆ ಅದು ನನ್ನಂಥವರ ಬಗ್ಗೆಯೇ ಬರೆದದ್ದು. ಎಲ್ಲ ಲೇಖನದ ಕೊನೆಗೂ ಒಂದು ಸಾಲು ಇದ್ದೇ ಇರುತ್ತದೆ: ವೈದ್ಯರ ಸಲಹೆ ಇಲ್ಲದೆ ಔಷಧ ನಿಲ್ಲಿಸಬೇಡಿ. ಸರಿ, ಒಪ್ಪಿದೆ. ಆದರೆ ಜನ ಯಾಕೆ ನಿಲ್ಲಿಸುತ್ತಾರೆ ಅಂತ ನಿಲ್ಲಿಸಿದವರನ್ನೇ ಕೇಳಿ ಬರೆದದ್ದನ್ನು ನಾನು ಇವತ್ತಿನವರೆಗೆ ಓದಿಲ್ಲ. ಹಾಗಾಗಿ ನಾನೇ ಬರೆಯುತ್ತಿದ್ದೇನೆ. ಪತ್ರ ಉದ್ದ ಆಗುತ್ತೆ. ಕತ್ತರಿಸುವುದಿದ್ದರೆ ಅಳತೆ ನೋಡಿ ಕತ್ತರಿಸಿ, ನಾನೂ ಕತ್ತರಿ ಹಿಡಿಯುವವಳೇ.

ಊರು ಬೆಟಗೇರಿ, ಕೆಲಸ ಟೇಲರಿಂಗ್. ಜಂಪರ್, ಚೂಡಿದಾರ, ಫಾಲ್ ಪಿಕೋ. 2005ರಲ್ಲಿ, ನನಗೆ 22 ವರ್ಷ ಇದ್ದಾಗ, ಸ್ಕಿಜೋಫ್ರೇನಿಯಾ ಅಂತ ಗೊತ್ತಾಯಿತು. ಮಷಿನ್ ಸದ್ದಿನ ಒಳಗಿಂದ ಯಾರೋ ನನ್ನ ಹೆಸರು ಹಿಡಿದು ಬೈಯುತ್ತಿದ್ದರು, ಮಷಿನ್ ನಿಂತರೂ ಬೈಗುಳ ನಿಲ್ಲುತ್ತಿರಲಿಲ್ಲ. ನಮ್ಮ ಕಡೆ ಯಾರಾದರೂ ತಲೆಕೆಟ್ಟ ಹಾಗೆ ಮಾತಾಡಿದರೆ ‘ಇವನ್ನ ಧಾರವಾಡಕ್ಕ ಕಳಸ್ರಿ’, ಅಂದರೆ ಅಲ್ಲಿನ ಮಾನಸಿಕ ಆಸ್ಪತ್ರೆಗೆ, ಅಂತ ನಗುತ್ತಾರಲ್ವಾ, ನಾನೂ ಎಷ್ಟೋ ಸಲ ನಕ್ಕಿದ್ದೆ. ನನ್ನ ಸರದಿ ಬಂದಾಗ ಮನೆಯಲ್ಲಿ ಯಾರೂ ನಗಲಿಲ್ಲ. ಅಣ್ಣ ಹುಬ್ಬಳ್ಳಿಯ ಒಂದು ಖಾಸಗಿ ದವಾಖಾನೆಗೆ ಕರೆದುಕೊಂಡು ಹೋದ. ಹೆಸರು ಬೇಡ.

ಮೊದಲ ಗುಳಿಗೆ ಹ್ಯಾಲೊಪೆರಿಡಾಲ್. ಡಾಕ್ಟರು ಮಾತಾಡಿದ್ದು ಅಣ್ಣನ ಜೊತೆ. ‘ನಿದ್ದಿ ಮಾಡ್ತಾಳೇನು? ಊಟ ಮಾಡ್ತಾಳೇನು?’ ನಾನು ಎದುರಿಗೇ ಕೂತಿದ್ದೆ. ಚೀಟಿ ಬರೆದರು, ಬಂದೆವು. ಎರಡನೇ ದಿನ ಸಂಜೆ ರೊಟ್ಟಿ ತಟ್ಟುತ್ತಿದ್ದಾಗ ನನ್ನ ಕತ್ತು ತಾನಾಗಿ ಎಡಕ್ಕೆ ತಿರುಗಿತು. ತಿರುಗಿದ್ದು ಅಲ್ಲೇ ಗಟ್ಟಿಯಾಗಿ ಹಿಡಿಯಿತು. ಕಣ್ಣು ಮೇಲೆ ಹೋಗಿ ಮಾಳಿಗೆಯ ಜಂತಿ ನೋಡುತ್ತಾ ನಿಂತುಬಿಟ್ಟವು, ಕೆಳಗೆ ತರೋಣ ಅಂದ್ರೆ ಬರುತ್ತಿಲ್ಲ. ನಾಲಿಗೆ ದಪ್ಪ ಆಗಿ ಮಾತು ಹೊರಡುತ್ತಿಲ್ಲ. ಬಾಜು ಮನೆಯ ಕಾಕು ಬಂದವರೇ ‘ಮೈಮ್ಯಾಲ ಬಂದೈತಿ’ ಅಂದರು. ಅಷ್ಟೇ ಸಾಕಾಯಿತು. ಲಿಂಬೆಹಣ್ಣು ಬಂತು, ಊದಿನಕಡ್ಡಿ ಬಂತು, ಓಣಿಯ ಹೆಣ್ಣುಮಕ್ಕಳೆಲ್ಲ ಬಾಗಿಲಲ್ಲಿ. ಸುಮಾರು ಎರಡು ತಾಸು ಹಾಗೇ ಇದ್ದೆ. ಕೊನೆಗೆ ಕಾಕಾ ಟಂಟಂನಲ್ಲಿ ಹಾಕಿಕೊಂಡು ಹತ್ತಿರದ ಒಂದು ದವಾಖಾನೆಗೆ ಒಯ್ದರು. ಅಲ್ಲಿನ ವಯಸ್ಸಾದ ಡಾಕ್ಟರು ನನ್ನನ್ನು ನೋಡುವ ಮೊದಲೇ ‘ಯಾವ ಗುಳಿಗಿ ತೊಗೊಳ್ಳಾಕತ್ತಾಳ?’ ಅಂತ ಕೇಳಿದರು. ಫೆನರ್ಗಾನ್ ಸೂಜಿ ಮಾಡಿದರು. ಅರ್ಧ ತಾಸಿನೊಳಗೆ ಕತ್ತು ನೆಟ್ಟಗಾಯಿತು.

ಆ ಗುಳಿಗೆ ಶುರು ಮಾಡಿದ ಮೊದಲ ಕೆಲವು ದಿನಗಳಲ್ಲಿ, ಅದೂ ಚಿಕ್ಕ ವಯಸ್ಸಿನವರಿಗೆ, ಹೀಗೆ ಆಗುವುದು ಡಾಕ್ಟರುಗಳಿಗೆಲ್ಲ ಗೊತ್ತಿರುವ ವಿಷಯವಂತೆ. ಗೊತ್ತಿದ್ದರೆ ಮೊದಲ ದಿನವೇ ಒಂದು ಮಾತು ಹೇಳಬಹುದಿತ್ತಲ್ಲ? ಕತ್ತು ಹಿಡಿದರೆ ಹೆದರಬೇಡಿ, ತಕ್ಷಣ ಬನ್ನಿ, ಸೂಜಿಗೆ ಹೋಗುತ್ತೆ ಅಂತ. ಅರ್ಧ ನಿಮಿಷದ ಮಾತು. ಅದನ್ನು ಹೇಳದೇ ಇದ್ದದ್ದಕ್ಕೆ ನಮ್ಮ ಓಣಿಯಲ್ಲಿ ಎಷ್ಟೋ ವರ್ಷ ನಾನು ದೆವ್ವ ಬಡಿದವಳು. ಜಂಪರ್ ಹೊಲಿಯಲು ಕೊಡುತ್ತಿದ್ದವರಲ್ಲಿ ಅರ್ಧ ಜನ ಬೇರೆ ಟೇಲರ್ ನೋಡಿಕೊಂಡರು.

ಆಮೇಲೆ ಗುಳಿಗೆ ಬದಲಾಯಿತು, ರಿಸ್ಪೆರಿಡೋನ್. ಜೊತೆಗೆ ಕೈ ನಡುಗದಿರಲಿ ಅಂತ ಟ್ರೈಹೆಕ್ಸಿಫೆನಿಡಿಲ್. ಬೈಗುಳ ಕಡಿಮೆ ಆಯಿತು. ಇದನ್ನು ದೊಡ್ಡ ಅಕ್ಷರದಲ್ಲಿ ಹೇಳಬೇಕು, ಗುಳಿಗೆಯಿಂದ ನನಗೆ ಗುಣ ಆಯಿತು. 1952ರಲ್ಲಿ ಫ್ರಾನ್ಸಿನಲ್ಲಿ ಕ್ಲೋರ್‌ಪ್ರೊಮಜಿನ್ ಅನ್ನುವ ಔಷಧ ಮೊದಲ ಸಲ ಈ ಕಾಯಿಲೆಗೆ ಬಳಕೆಗೆ ಬಂತು, ಅದಕ್ಕೂ ಮೊದಲು ಹುಟ್ಟಿದ್ದರೆ ನನ್ನಂಥವಳು ಕೋಣೆಯೊಳಗೇ ಇರಬೇಕಾಗಿತ್ತು. ಗುಳಿಗೆ ವಿಷ ಅನ್ನುವವರ ಗುಂಪಿಗೆ ನಾನು ಸೇರಿಲ್ಲ.

ಆದರೆ ಬಾಯಿ ಒಣಗಿತು. ಸುಮ್ನೆ ಒಣಗುವುದಲ್ಲ. ದಾರ ಪೋಣಿಸುವಾಗ ದಾರದ ತುದಿಯನ್ನು ನಾಲಿಗೆಗೆ ತಾಕಿಸಿ ಒದ್ದೆ ಮಾಡುತ್ತೇವಲ್ಲ, ಆ ಒಂದು ಹನಿ ಎಂಜಲು ಬಾಯಲ್ಲಿ ಇರುತ್ತಿರಲಿಲ್ಲ. ಬಾಜೂಕ್ಕೆ ಒಂದು ಬಟ್ಟಲಲ್ಲಿ ನೀರು ಇಟ್ಟುಕೊಂಡು ಕೂರುತ್ತಿದ್ದೆ. ಕಣ್ಣೂ ಮಸುಕು, ಸೂಜಿಯ ಕಣ್ಣು ಎರಡೆರಡು ಕಾಣುತ್ತಿತ್ತು. ಬಾಯಿ ಒಣಗುವುದಕ್ಕೂ ಕಣ್ಣು ಮಸುಕಾಗುವುದಕ್ಕೂ ಕಾರಣ ಮುಖ್ಯ ಗುಳಿಗೆ ಅಲ್ಲ, ನಡುಕಕ್ಕೆ ಕೊಟ್ಟ ಆ ಸಣ್ಣ ಗುಳಿಗೆ ಅಂತ ನನಗೆ ಗೊತ್ತಾದದ್ದು ಎಷ್ಟೋ ವರ್ಷ ಆದಮೇಲೆ.

ಅದಕ್ಕಿಂತ ದೊಡ್ಡದು ಬೇರೆ ಇತ್ತು. ಮುಟ್ಟು ನಿಂತಿತು. ಒಂದು ತಿಂಗಳು, ಎರಡು ತಿಂಗಳು, ಆರು ತಿಂಗಳು. ಆಮೇಲೆ ಒಂದು ದಿನ ಜಂಪರಿನ ಮೇಲೆ ಒದ್ದೆ ಕಲೆ. ಮದುವೆ ಆಗದ ಹುಡುಗಿಗೆ ಎದೆಯಲ್ಲಿ ಹಾಲು. ಯಾರಿಗೆ ಹೇಳಬೇಕು? ನಾನು ಹೇಳಲಿಲ್ಲ. ನನ್ನ ಜಂಪರುಗಳಿಗೆಲ್ಲ ಒಳಗೆ ಎರಡು ಪದರ ಅಸ್ತರ ಹೊಲಿದುಕೊಂಡೆ. ಒಂದು ದಿನ ಬಟ್ಟೆ ಒಗೆಯುವಾಗ ಅವ್ವನ ಕೈಗೆ ಆ ಅಸ್ತರ ಸಿಕ್ಕಿತು. ಅವ್ವ ಏನೂ ಮಾತಾಡಲಿಲ್ಲ. ಮರುದಿನ ಗುಡಿಗೆ ಅಂತ ಹೇಳಿ ಕರೆದುಕೊಂಡು ಹೋಗಿ ಬೇರೆ ಊರಿನಲ್ಲಿ ಉಚ್ಚೆ ಪರೀಕ್ಷೆ ಮಾಡಿಸಿದಳು. ಏನೂ ಇಲ್ಲ ಅಂತ ಬಂತು. ಆದರೂ ಅವ್ವ ನನ್ನ ಮುಖ ನೋಡಿ ಮಾತಾಡಲು ಒಂದು ತಿಂಗಳು ತೆಗೆದುಕೊಂಡಳು. ಕಾಯಿಲೆ ಕೂಡ ನನಗೆ ಅಷ್ಟು ನೋವು ಕೊಟ್ಟಿಲ್ಲ.

ರಿಸ್ಪೆರಿಡೋನ್ ಕೆಲವರಲ್ಲಿ ಪ್ರೊಲ್ಯಾಕ್ಟಿನ್ ಅನ್ನುವ ಹಾರ್ಮೋನು ಹೆಚ್ಚು ಮಾಡುತ್ತದೆ, ಬಾಣಂತಿಯರಲ್ಲಿ ಹಾಲು ಬರಿಸುವ ಹಾರ್ಮೋನು ಅದೇ. ಗಂಡಸರಿಗೂ ಇದರಿಂದ ಹಾಸಿಗೆಯ ತೊಂದರೆ ಆಗುತ್ತದೆ, ಎದೆ ಬೆಳೆಯಬಹುದು, ಅವರಂತೂ ಸತ್ತರೂ ಬಾಯಿ ಬಿಡುವುದಿಲ್ಲ. ರಕ್ತ ಪರೀಕ್ಷೆ ಮಾಡಿದರೆ ಗೊತ್ತಾಗುತ್ತೆ, ಗುಳಿಗೆ ಕಡಿಮೆ ಮಾಡಬಹುದು ಅಥವಾ ಬೇರೆ ಕೊಡಬಹುದು. ಆದರೆ ಪ್ರತಿ ತಿಂಗಳು ಅದೇ ಮೂರು ಪ್ರಶ್ನೆ. ನಿದ್ದೆ, ಊಟ, ಧ್ವನಿ. ಮುಟ್ಟಿನ ಬಗ್ಗೆ ಅಣ್ಣನ ಎದುರಿಗೆ ಅವರು ಕೇಳುವುದಿಲ್ಲ, ಅಣ್ಣನ ಎದುರಿಗೆ ನಾನು ಹೇಳುವುದಿಲ್ಲ.

2009ರಲ್ಲಿ ಗುಳಿಗೆ ಬಚ್ಚಲಿಗೆ ಹಾಕಲು ಶುರು ಮಾಡಿದೆ. ಅವ್ವ ಎದುರಿಗೆ ನಿಂತು ನುಂಗಿಸುತ್ತಿದ್ದಳು, ನಾಲಿಗೆ ಕೆಳಗೆ ಇಟ್ಟುಕೊಂಡು ಹೋಗಿ ಉಗುಳುತ್ತಿದ್ದೆ.

ಇಲ್ಲಿ ಒಂದು ವಿಷಯ ಎಲ್ಲರೂ ಗಮನಿಸಬೇಕು. ಗುಳಿಗೆ ಬಿಟ್ಟ ಮೊದಲ ಎರಡು ತಿಂಗಳು ನಾನು ಬಹಳ ಚೆನ್ನಾಗಿದ್ದೆ. ಬಾಯಲ್ಲಿ ನೀರು ಬಂತು. ತಲೆ ಹಗುರ. ಮುಟ್ಟು ಆಯಿತು, ಅವತ್ತು ಹಬ್ಬದ ಹಾಗೆ ತಲೆಗೆ ಸ್ನಾನ ಮಾಡಿದೆ. ನೋಡಿ, ಗುಳಿಗೆ ಬಿಟ್ಟರೆ ತ್ರಾಸ ಮೊದಲು ಹೋಗುತ್ತೆ, ಕಾಯಿಲೆ ಆಮೇಲೆ ಬರುತ್ತೆ. ಮಧ್ಯದ ಈ ದಿನಗಳೇ ನಮಗೆ ಮೋಸ ಮಾಡುವುದು. ಅಯ್ಯೋ, ಇಷ್ಟು ದಿನ ಸುಮ್ನೆ ನುಂಗಿದೆನಲ್ಲ ಅನ್ನಿಸಿಬಿಡುತ್ತೆ. ನಾಲ್ಕನೇ ತಿಂಗಳು ಮಷಿನ್ ಮತ್ತೆ ಮಾತಾಡಿತು. ಹೊಲಿಯಲು ಬಂದ ಬಟ್ಟೆಗಳಲ್ಲಿ ಯಾರೋ ಮಾಟದ ಚೀಟಿ ಇಟ್ಟು ಕಳಿಸುತ್ತಿದ್ದಾರೆ ಅನ್ನಿಸತೊಡಗಿತು, ಅನ್ನಿಸಿದ್ದಲ್ಲ, ಖಾತ್ರಿ ಆಯಿತು. ಒಬ್ಬ ಮದುಮಗಳ ಗುಳೇದಗುಡ್ಡದ ಖಣ, ಇಳಕಲ್ ಸೀರೆ ಮೇಲೆ ಹಾಕಿಕೊಳ್ಳಲು ಕೊಟ್ಟದ್ದು, ಅದನ್ನು ರಾತ್ರಿ ಕೂತು ಬೆರಳಗಲದ ಪಟ್ಟಿ ಪಟ್ಟಿಯಾಗಿ ಕತ್ತರಿಸಿದೆ, ಚೀಟಿ ಎಲ್ಲಿದೆ ಅಂತ ಹುಡುಕಲು. ಬೆಳಿಗ್ಗೆ ಅವ್ವ ನೋಡಿದಾಗ ನಾನು ಆ ಪಟ್ಟಿಗಳ ರಾಶಿಯ ನಡುವೆ ಕೂತಿದ್ದೆನಂತೆ. 26 ದಿನ ಅಡ್ಮಿಟ್ ಆದೆ. ಈ ಪತ್ರ ಓದಿ ಯಾರಾದರೂ ಗುಳಿಗೆ ಬಚ್ಚಲಿಗೆ ಹಾಕಬೇಕು ಅಂದುಕೊಂಡರೆ, ದಯವಿಟ್ಟು ಆ ಖಣ ನೆನಪು ಮಾಡಿಕೊಳ್ಳಿ. ಅದರ ದುಡ್ಡನ್ನು ಅಣ್ಣ ತೀರಿಸಿದ.

ಆ ವಾರ್ಡಿನಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಇದ್ದರು. ಅಣ್ಣನನ್ನು ಹೊರಗೆ ಕೂರಿಸಿ ನನ್ನನ್ನು ಕೇಳಿದರು: ‘ಗುಳಿಗಿ ಯಾಕ ಬಿಟ್ಟಿ?’ ಬೈಯುವ ಧ್ವನಿ ಅಲ್ಲ, ನಿಜವಾಗಲೂ ಗೊತ್ತು ಮಾಡಿಕೊಳ್ಳಲು ಕೇಳಿದ್ದು. ನಾಲ್ಕು ವರ್ಷದಲ್ಲಿ ಮೊದಲ ಸಲ. ಅಸ್ತರದ ಕತೆ ಹೇಳಿದೆ. ಅವರು ಪ್ರೊಲ್ಯಾಕ್ಟಿನ್ ಅಂದರೆ ಏನು ಅಂತ ಚೀಟಿಯ ಹಿಂದೆ ಚಿತ್ರ ಬರೆದು ತಿಳಿಸಿದರು. ಆಮೇಲೆ ಅವ್ವನನ್ನೂ ಒಳಗೆ ಕರೆದು ‘ನಿಮ್ಮ ಮಗಳದು ಏನೂ ತಪ್ಪಿಲ್ಲ, ಗುಳಿಗಿದು ತಪ್ಪು’ ಅಂದರು. ಅವ್ವ ಅಲ್ಲೇ ಅತ್ತಳು.

ನಂತರ ಓಲಾನ್ಜಪಿನ್. ಇದು ಕಾಯಿಲೆಗೆ ಚೆನ್ನಾಗಿ ಹಿಡಿಯಿತು. ಆದರೆ ಹಸಿವು! ಅದನ್ನು ಹಸಿವು ಅನ್ನಬಾರದು, ಬೇರೆ ಪದ ಇಲ್ಲ ಅಂತ ಅನ್ನುತ್ತಿದ್ದೇನೆ. ರಾತ್ರಿ ಎರಡು ಗಂಟೆಗೆ ಎದ್ದು ಕತ್ತಲಲ್ಲಿ ಬುಟ್ಟಿಯೊಳಗಿನ ಕಟಕ್ ರೊಟ್ಟಿ ತಿನ್ನುತ್ತಿದ್ದೆ. ಕಟಕ್ ರೊಟ್ಟಿಯನ್ನು ಸದ್ದಿಲ್ಲದೆ ಮುರಿಯಲು ಆಗುತ್ತದೆಯೇ? ಅವ್ವ ಎದ್ದುಬಿಡುತ್ತಿದ್ದಳು. ಆಮೇಲಾಮೇಲೆ ಸೆರಗಿನಲ್ಲಿ ಸುತ್ತಿ ಮುರಿಯುವುದು ಕಲಿತೆ. ಮೂರು ವರ್ಷದಲ್ಲಿ 48 ಕಿಲೋ ಇದ್ದವಳು 71 ಆದೆ. ನನ್ನ ಅಳತೆ ಪುಸ್ತಕದ ಮೊದಲ ಪುಟದಲ್ಲಿ ನನ್ನದೇ ಜಂಪರಿನ ಅಳತೆ ಇದೆ, 32 ಅಂತ ಬರೆದದ್ದು ಹೊಡೆದು 34, ಅದನ್ನು ಹೊಡೆದು 36, ಹಾಗೇ 40ರವರೆಗೆ. ‘ದವಾಖಾನಿ ಊಟ ಮೈಗೆ ಹತ್ತೇತಿ’ ಅಂತ ಬಂದವರು ನಗುತ್ತಿದ್ದರು. 2014ರಲ್ಲಿ ಶುಗರ್ ಬಂತು. ನನ್ನ ಅಪ್ಪನಿಗೆ ಇರಲಿಲ್ಲ, ಅವ್ವನಿಗೆ ಇಲ್ಲ, ನನಗೆ 31ಕ್ಕೇ ಬಂತು. ಈ ಗುಳಿಗೆ ತೆಗೆದುಕೊಳ್ಳುವವರಿಗೆ ತೂಕ, ಸೊಂಟದ ಸುತ್ತಳತೆ, ಶುಗರ್, ಕೊಬ್ಬು ಇಷ್ಟನ್ನು ಶುರುವಿನಲ್ಲೇ ನೋಡಿ, ಮತ್ತೆ ಮತ್ತೆ ನೋಡುತ್ತಿರಬೇಕು. ನನ್ನ ಸೊಂಟವನ್ನು ದವಾಖಾನೆಯಲ್ಲಿ ಯಾರೂ ಅಳೆಯಲಿಲ್ಲ. ಟೇಪು ಇರಲಿಲ್ಲವೋ ಏನೋ, ಕೇಳಿದ್ದರೆ ನನ್ನದೇ ಕೊಡುತ್ತಿದ್ದೆ.

ನನ್ನ ಅಣ್ಣನ ಮಗಳು ಬಿಎಸ್ಸಿ ನರ್ಸಿಂಗ್ ಓದುತ್ತಾಳೆ. ಅವಳು ಒಂದು ದಿನ ಓದಿ ಹೇಳಿದಳು. ಅಮೆರಿಕದಲ್ಲಿ ಸುಮಾರು 1,500 ಜನ ಸ್ಕಿಜೋಫ್ರೇನಿಯಾ ಇದ್ದವರ ಮೇಲೆ ಒಂದು ಅಧ್ಯಯನ ನಡೆದು 2005ರಲ್ಲಿ ಪ್ರಕಟ ಆಯಿತಂತೆ, ಅದರಲ್ಲಿ 18 ತಿಂಗಳ ಒಳಗೆ ನೂರಕ್ಕೆ 74 ಜನ ಮೊದಲು ಕೊಟ್ಟ ಔಷಧವನ್ನು ಬಿಟ್ಟಿದ್ದರು ಅಥವಾ ಬದಲಿಸಿದ್ದರು. ಕೆಲವರು ಗುಣ ಕಾಣದೆ, ಕೆಲವರು ತ್ರಾಸ ತಾಳದೆ, ಕೆಲವರು ತಾವೇ ಬೇಡ ಅಂತ. ಅದರಲ್ಲೂ ಓಲಾನ್ಜಪಿನ್ ಹೆಚ್ಚು ದಿನ ತೆಗೆದುಕೊಂಡರಂತೆ, ತೂಕ ಜಾಸ್ತಿ ಆದದ್ದೂ ಅದರಲ್ಲೇ. ಕೇಳಿ ನನಗೆ ನಗು ಬಂತು. ಬೆಟಗೇರಿಯಲ್ಲಿ ಕಟಕ್ ರೊಟ್ಟಿ, ಅಲ್ಲಿ ಇನ್ನೇನೋ. 2005 ಅಂದರೆ ನನ್ನ ಕತ್ತು ತಿರುಗಿದ ವರ್ಷ. ಆಗಲೇ ಇಷ್ಟು ಗೊತ್ತಿತ್ತು ಅಂದಮೇಲೆ, ಬಿಟ್ಟವರಿಗೆ ಬುದ್ಧಿ ಇಲ್ಲ, ಭಕ್ತಿ ಇಲ್ಲ ಅಂತ ಬೈಯುವುದನ್ನು ಇನ್ನಾದರೂ ನಿಲ್ಲಿಸಬಹುದಲ್ವಾ?

2017ರಿಂದ ಅರಿಪಿಪ್ರಜೋಲ್. ಹಳೆಯದನ್ನು ನಿಧಾನ ಇಳಿಸಿ, ಇದನ್ನು ನಿಧಾನ ಏರಿಸಿ ಬದಲಿಸಿದರು. ಮೊದಲ ಮೂರು ವಾರ ಕಾಲು ನಿಲ್ಲುತ್ತಿರಲಿಲ್ಲ. ಮಷಿನ್ ಮೇಲೆ ಕೂತಾಗ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಪೆಡಲ್ ಮೇಲೆ ಕಾಲು ಓಡುವುದು ಸಹಜ ತಾನೇ. ಊಟಕ್ಕೆ ಕೂತರೂ ಓಡುತ್ತಿತ್ತು, ಮಲಗಿದರೂ ಓಡುತ್ತಿತ್ತು. ಒಳಗೆ ಇರುವೆ ಹರಿದ ಹಾಗೆ, ಎದ್ದು ಅಡ್ಡಾಡಿದರೆ ಅರೆಗಳಿಗೆ ತಣ್ಣಗೆ, ಮತ್ತೆ ಅದೇ. ಅವ್ವ ‘ಮತ್ತ ಶುರು ಆತು’ ಅಂತ ಹೆದರಿದಳು. ಆದರೆ ಈ ಸಲ ನನಗೆ ಮೊದಲೇ ಹೇಳಿದ್ದರು. ಕಾಲು ಚಡಪಡಿಸಬಹುದು, ಅದು ಕಾಯಿಲೆ ಅಲ್ಲ, ಗುಳಿಗೆಯದು, ತಾಳಲಾರದೇ ಇದ್ದರೆ ಬಾ ಅಂತ. ಹೋದೆ. ಪ್ರೊಪ್ರನಲಾಲ್ ಅಂತ ಒಂದು ಕೊಟ್ಟರು, ಕಡಿಮೆ ಆಯಿತು. ಹೇಳಿದ್ದಕ್ಕೂ ಹೇಳದೇ ಇದ್ದದ್ದಕ್ಕೂ ಎಷ್ಟು ಫರಕು ನೋಡಿ. ಕತ್ತು ತಿರುಗಿದಾಗ ಲಿಂಬೆಹಣ್ಣು, ಕಾಲು ಓಡಿದಾಗ ಬಸ್ಸು ಹತ್ತಿ ದವಾಖಾನೆ. ಈ ಚಡಪಡಿಕೆಯನ್ನೇ ಕಾಯಿಲೆ ಜಾಸ್ತಿ ಆಯಿತು ಅಂತ ತಿಳಿದು ಗುಳಿಗೆ ಇನ್ನೂ ಏರಿಸಿಬಿಡುವುದೂ ಉಂಟು, ಆಗ ತ್ರಾಸ ಮತ್ತೂ ಹೆಚ್ಚುತ್ತೆ.

ಸರದಿಯಲ್ಲಿ ಕೂತಾಗ ಬೇರೆಯವರನ್ನೂ ನೋಡುತ್ತೇನೆ. ಒಬ್ಬ ಅಜ್ಜ ಬರುತ್ತಾರೆ, ಬಾಯಲ್ಲಿ ಏನೂ ಇಲ್ಲದೇ ಎಲೆ ಅಡಿಕೆ ಮೆಲ್ಲುವ ಹಾಗೆ ತುಟಿ ಆಡುತ್ತಲೇ ಇರುತ್ತೆ. ಹ್ಯಾಲೊಪೆರಿಡಾಲ್‌ನಂಥ ಹಳೇ ಕಾಲದ ಗುಳಿಗೆ, ಸೂಜಿಯನ್ನು ಬಹಳ ವರ್ಷ ತೆಗೆದುಕೊಂಡವರಲ್ಲಿ ಕೆಲವರಿಗೆ ಹಾಗಾಗುತ್ತದೆ, ಬೇಗ ಕಂಡುಹಿಡಿದರೆ ಏನಾದರೂ ಮಾಡಬಹುದು, ತಡವಾದರೆ ಕೆಲವರಲ್ಲಿ ಉಳಿದೇಬಿಡುತ್ತೆ. ಮೊಮ್ಮಗ ಅವರ ಬಾಯಿಗೆ ಟವೆಲ್ ಹಿಡಿದು ಕೂರಿಸಿರುತ್ತಾನೆ, ಜನ ನೋಡಬಾರದು ಅಂತ. ಇನ್ನೊಬ್ಬ ಹುಡುಗ ಕ್ಲೋಜಪಿನ್ ಮೇಲೆ ಇದ್ದಾನೆ. ಬೇರೆ ಯಾವುದಕ್ಕೂ ಬಗ್ಗದ ಕಾಯಿಲೆಗೆ ಅದು, ಆದರೆ ರಕ್ತದ ಬಿಳಿ ಕಣ ಇಳಿಯುವ ಅಪಾಯ ಇರುವುದರಿಂದ ಮೊದಮೊದಲು ವಾರ ವಾರ ರಕ್ತ ಪರೀಕ್ಷೆ ಆಗಬೇಕು. ಹಾವೇರಿ ಕಡೆಯ ಹಳ್ಳಿಯವನು, ವಾರ ವಾರ ಒಂದು ದಿನದ ಕೂಲಿ ಬಿಟ್ಟು ಬರಬೇಕು. ಅವನು ಬೀಡಿ ಬೇರೆ ಸೇದುತ್ತಾನೆ. ಹೊಗೆ ಸೇದುವವರ ಮೈಯಲ್ಲಿ ಕ್ಲೋಜಪಿನ್, ಓಲಾನ್ಜಪಿನ್ ಬೇಗ ಕರಗಿಹೋಗುತ್ತವೆ, ಒಮ್ಮೆಗೇ ಬೀಡಿ ಬಿಟ್ಟರೆ ಅದೇ ಗುಳಿಗೆ ರಕ್ತದಲ್ಲಿ ಜಾಸ್ತಿ ಆಗಿ ತಲೆ ಎತ್ತಲಾರದ ಹಾಗೆ ಆಗಬಹುದು. ಬೀಡಿ ಬಿಡು ಅನ್ನುವವರು ನೂರು ಜನ ಇದ್ದಾರೆ, ಬಿಡುವ ಮೊದಲು ಡಾಕ್ಟರಿಗೆ ಹೇಳು ಅಂತ ಅವನಿಗೆ ಹೇಳಿದವಳು ನಾನು, ಒಬ್ಬ ಟೇಲರ್. ಇದು ಸರೀನಾ?

ಮನೆಯವರು ಸಾರಿನಲ್ಲಿ, ಚಹಾದಲ್ಲಿ ಗುಳಿಗೆ ಕಲಸಿ ಕೊಡುವುದು ನಮ್ಮ ಕಡೆ ಬಹಳ. ಅವರ ಸಂಕಟ ನನಗೆ ಅರ್ಥ ಆಗುತ್ತೆ, ನನ್ನ ಅವ್ವನೂ ಮಾಡಿದ್ದಾಳೆ. ಆದರೆ ಗೊತ್ತಿಲ್ಲದೇ ಗುಳಿಗೆ ತಿಂದವನಿಗೆ ಕತ್ತು ಹಿಡಿದರೆ ಅವನು ಏನು ತಿಳಿಯಬೇಕು? ಊಟದಲ್ಲಿ ಯಾರೋ ಏನೋ ಹಾಕುತ್ತಿದ್ದಾರೆ ಅಂತ ಅನುಮಾನ ಪಡುವುದೇ ಈ ಕಾಯಿಲೆ. ಅವನ ಅನುಮಾನವನ್ನು ನಾವೇ ನಿಜ ಮಾಡಿಕೊಟ್ಟ ಹಾಗಾಯಿತು. ಹಾಗೇ ಔಷಧ ಅಂಗಡಿಯವರಿಗೆ ಒಂದು ಮಾತು: ಕಂಪನಿ ಬದಲಾಗಿ ಗುಳಿಗೆಯ ಬಣ್ಣ ಬದಲಾದರೆ ಬಾಯಿಬಿಟ್ಟು ಹೇಳಿ ಕೊಡಿ. ಹಳದಿ ಇದ್ದದ್ದು ಬಿಳಿ ಆದರೆ ಶುಗರಿನವರು ಸುಮ್ಮನೆ ನುಂಗುತ್ತಾರೆ. ನಾವು ರಾತ್ರಿಯಿಡೀ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡುತ್ತೇವೆ.

ಈಗ ನನ್ನ ತಕರಾರಿಗೆ ಬರುತ್ತೇನೆ. ನಾನು ಬೇಡುತ್ತಿರುವುದು ಹೊಸದೇನಲ್ಲ, ಕಾನೂನಿನಲ್ಲೇ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2018ರ ಮೇ ತಿಂಗಳಿಂದ ಜಾರಿಯಲ್ಲಿದೆ. ಅದರ 22ನೇ ಕಲಂ ಪ್ರಕಾರ ರೋಗಿಗೂ ಅವರು ಹೆಸರಿಸಿದವರಿಗೂ ಕಾಯಿಲೆ ಏನು, ಚಿಕಿತ್ಸೆ ಏನು, ಆ ಚಿಕಿತ್ಸೆಯ ಗೊತ್ತಿರುವ ಅಡ್ಡ ಪರಿಣಾಮಗಳೇನು ಅಂತ ತಿಳಿಯುವ ಹಕ್ಕಿದೆ, ಅದೂ ಅವರಿಗೆ ಅರ್ಥ ಆಗುವ ಭಾಷೆಯಲ್ಲಿ. ಬೆಟಗೇರಿಯವಳಿಗೆ ಅರ್ಥ ಆಗುವ ಭಾಷೆ ಯಾವುದು ಅಂತ ಹೇಳಬೇಕಾಗಿಲ್ಲ. ಇಷ್ಟು ವರ್ಷದಲ್ಲಿ ನನ್ನ ಕೈಗೆ ಒಂದೇ ಒಂದು ಕನ್ನಡದ ಹಾಳೆ ಬಂದಿಲ್ಲ. ಗುಳಿಗೆಯ ಡಬ್ಬಿಯೊಳಗೆ ಮಡಚಿ ಇಟ್ಟಿರುವ ಕಾಗದ ಇಂಗ್ಲಿಷ್, ಅಕ್ಷರ ಇರುವೆಗಿಂತ ಸಣ್ಣದು.

ಒಂದು ಗುಳಿಗೆಗೆ ಒಂದು ಹಾಳೆ ಸಾಕು. ಮೊದಲ ವಾರ ಏನಾಗಬಹುದು, ಯಾವುದು ತಾನೇ ಹೋಗುತ್ತೆ, ಯಾವುದಕ್ಕೆ ಅವತ್ತೇ ಓಡಬೇಕು. ಜೋರು ಜ್ವರ ಬಂದು ಮೈಯೆಲ್ಲ ಕಟ್ಟಿಗೆಯ ಹಾಗೆ ಸೆಟೆದರೆ, ಮಂಪರು ಕವಿದರೆ ಒಂದು ತಾಸೂ ತಡ ಮಾಡಬಾರದು, ಜೀವಕ್ಕೇ ಅಪಾಯ, ಇದು ಅಪರೂಪ, ಆದರೆ ಇದನ್ನೂ ಮನೆಯವರಿಗೆ ಹೇಳಿರಬೇಕು. ಡಾಕ್ಟರಿಗೆ ಪುರುಸೊತ್ತಿಲ್ಲ ಅಂತ ನನಗೂ ಗೊತ್ತು, ಹೊರಗೆ ಬೆಂಚಿನ ತುಂಬ ಜನ ಕೂತಿರುತ್ತಾರೆ. ನರ್ಸಮ್ಮ ಹೇಳಲಿ. ಹೆಣ್ಣುಮಕ್ಕಳನ್ನು ಐದು ನಿಮಿಷ ಬೇರೆ ಕೂರಿಸಿ ಕೇಳಲಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮ ಅಂತ ಮಂಗಳವಾರ ಮನೋವೈದ್ಯರು ಬರುತ್ತಾರಲ್ಲ, ಅಲ್ಲಿ ಒಂದು ತೂಕದ ಮಷಿನ್, ಒಂದು ಅಳತೆ ಟೇಪು ಇಟ್ಟರೆ ಎಷ್ಟು ಖರ್ಚು?

ಓದುವವರಿಗೆ ಉಪಯೋಗ ಆಗಲಿ ಅಂತ ಎರಡು ನಂಬರ್ ಬರೆಯುತ್ತೇನೆ, ಇವನ್ನು ಮಾತ್ರ ಕತ್ತರಿಸಬೇಡಿ. 14416, ಟೆಲಿ ಮಾನಸ್, 2022ರಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ. ಇನ್ನೊಂದು 1800-180-3024, ಯಾವುದೇ ಔಷಧದ ಅಡ್ಡ ಪರಿಣಾಮವನ್ನು ರೋಗಿಗಳೇ ತಿಳಿಸಬಹುದಾದ ನಂಬರ್. ಅದಕ್ಕೆ ಕನ್ನಡದಲ್ಲೂ ಅರ್ಜಿ ನಮೂನೆ ಇದೆ. ಇಂಥದ್ದೊಂದು ಇದೆ ಅಂತಲೇ ನಮ್ಮ ಸರದಿಯಲ್ಲಿ ಕೂತ ಯಾರಿಗೂ ಗೊತ್ತಿರಲಿಲ್ಲ.

ಮುಂದಿನ ಅಕ್ಟೋಬರ್ 10ಕ್ಕೆ ಲೇಖನ ಹಾಕುವಾಗ ಆ ಕೊನೆಯ ಸಾಲಿನ ಮುಂದೆ ಇನ್ನೊಂದು ಸಾಲು ಸೇರಿಸಿ: ತ್ರಾಸ ಆದರೆ ಗುಳಿಗೆ ಬಿಡುವ ಮೊದಲು ಬಂದು ಹೇಳಿ, ಬೈಯುವುದಿಲ್ಲ. ಡಾಕ್ಟರುಗಳನ್ನು ಕೇಳಿ, ಅವರು ಒಪ್ಪಿದರೆ ಹಾಕಿ. ಒಪ್ಪದಿದ್ದರೆ ಅದನ್ನೂ ಸುದ್ದಿ ಮಾಡಿ.

ನನ್ನ ಹೆಸರು ಹಾಕಬೇಡಿ. ನಾಚಿಕೆಗಲ್ಲ, ಅಣ್ಣನ ಮಗಳಿಗೆ ಗಂಡು ನೋಡುತ್ತಿದ್ದಾರೆ. ಇನ್ನು ಬರೆಯಲು ಪುರುಸೊತ್ತಿಲ್ಲ, ದೀಪಾವಳಿ ಹತ್ತಿರ ಬಂತು, 17 ಜಂಪರ್ ಬಾಕಿ ಇವೆ. ಅದರಲ್ಲಿ ಒಂದು ನನ್ನದು, ಅಳತೆ 36.

ಒಬ್ಬ ಟೇಲರ್,
ಬೆಟಗೇರಿ, ಗದಗ